ತಂದೆ ಮಕ್ಕಳು ಕೂಡಿ ಕಟ್ಟುವ ಪುಟ್ಟ ಮರದ ಬಂಡಿ

ಮುಂಗಾರಿನಲ್ಲಿ ಕಪಿಲೆ ತುಂಬಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯ ಬಾಗಿಲುಗಳು ತೆರೆದಾಗ, ಆ ನೋಟವನ್ನು ಕಾಣಲು ಸುತ್ತಲಿನ ತಾಲ್ಲೂಕುಗಳ ಜನರು ಮಕ್ಕಳುಮರಿಗಳೊಡನೆ ಬಂದು ಸೇರುತ್ತಾರೆ. ಭೋರ್ಗರೆವ ನೀರನ್ನು ಕಂಡ ಮಗುವೊಂದು, 'ಅಪ್ಪಾ, ಈ ನೀರಿಗೆ ಇಷ್ಟೊಂದು ಶಕ್ತಿ ಎಲ್ಲಿಂದ ಬಂತು?' ಎಂದು ಕೇಳಿದರೆ ಅದಕ್ಕೆ ಉತ್ತರ ಒಂದೇ: ಎತ್ತರದಿಂದ. 1974ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆಯಲ್ಲಿ ಸಮುದ್ರಮಟ್ಟದಿಂದ 2284 ಅಡಿಗಳವರೆಗೆ ನೀರು ನಿಲ್ಲುತ್ತದೆ. ಹಾಗೆ ಎತ್ತರದಲ್ಲಿ ನಿಂತ ನೀರು ಕೆಳಗಿಳಿಯುವಾಗ ವಿದ್ಯುತ್ ಯಂತ್ರವನ್ನೇ ತಿರುಗಿಸುತ್ತದೆ. ಇದೇ ನಿಯಮವನ್ನು ಆಧರಿಸಿ, ಯಂತ್ರವಿಲ್ಲದೆ, ಎಣ್ಣೆಯಿಲ್ಲದೆ, ವಿದ್ಯುತ್ತಿಲ್ಲದೆ ಓಡುವ ಒಂದು ಪುಟ್ಟ ಮರದ ಬಂಡಿಯನ್ನು ಮಕ್ಕಳೊಡನೆ ಕೂಡಿ ಕಟ್ಟುವ ಹವ್ಯಾಸವೊಂದಿದೆ. ಅದರ ಪರಿಚಯವೇ ಈ ವಾರದ ಲೇಖನದ ಉದ್ದೇಶ.

ಒಬ್ಬ ತಂದೆಯ ಯೋಚನೆ

ಈ ಹವ್ಯಾಸದ ಹೆಸರು 'ಪೈನ್‌ವುಡ್ ಡರ್ಬಿ'. ಪೈನ್ ಮರದ ತುಂಡಿನಿಂದ ಮಾಡಿದ ಬಂಡಿಗಳ ಓಟದ ಪಂದ್ಯ ಎಂದು ಇದರ ಅರ್ಥ. ಇದು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅದಕ್ಕೂ ಮುಂಚೆ, 1933-34ರ ಸುಮಾರಿಗೆ, ಒಹಾಯೋದ ಡೇಟನ್ ನಗರದಲ್ಲಿ ಪತ್ರಿಕಾ ಛಾಯಾಗ್ರಾಹಕ ಮೈರನ್ ಸ್ಕಾಟ್ ಎಂಬವರು 'ಸೋಪ್ ಬಾಕ್ಸ್ ಡರ್ಬಿ' ಎಂಬ ಪಂದ್ಯವನ್ನು ಆರಂಭಿಸಿದ್ದರು. ಅದರಲ್ಲಿ ಹುಡುಗರು ತಾವೇ ಕಟ್ಟಿದ ಬಂಡಿಯಲ್ಲಿ ಕುಳಿತು ಇಳಿಜಾರಿನಲ್ಲಿ ಸಾಗುತ್ತಿದ್ದರು. ಮ್ಯಾನ್‌ಹ್ಯಾಟನ್ ಬೀಚ್ ಎಂಬ ಊರಿನ ಡಾನ್ ಮರ್ಫಿಯವರ ಮಗನಿಗೆ ಆಗ ಹತ್ತು ವರ್ಷ. ಆ ಪಂದ್ಯಕ್ಕೆ ಸೇರುವ ವಯಸ್ಸು ಅವನಿಗಿನ್ನೂ ಆಗಿರಲಿಲ್ಲ. ಕಬ್ ಸ್ಕೌಟ್ ಮಕ್ಕಳ ನಾಯಕರಾಗಿದ್ದ ಮರ್ಫಿ, ಮಗನ ನಿರಾಶೆಯನ್ನು ಕಂಡು, ಬಂಡಿಯನ್ನೇ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿಸಿದರೆ ಹೇಗೆ ಎಂದು ಯೋಚಿಸಿದರು. ಮರದ ಒಂದು ತುಂಡು, ನಾಲ್ಕು ಮೊಳೆ, ನಾಲ್ಕು ಚಕ್ರ — ಇಷ್ಟೇ ಸಾಮಗ್ರಿ. 1953ರ ಮೇ 15ರಂದು ಮೊದಲ ಪಂದ್ಯ ನಡೆಯಿತು. ಮರುವರ್ಷವೇ ಅಮೆರಿಕದ ಸ್ಕೌಟ್ ಸಂಸ್ಥೆ ಇದನ್ನು ದೇಶವ್ಯಾಪಿಯಾಗಿ ಸ್ವೀಕರಿಸಿತು. 2018ರಿಂದ ಅಲ್ಲಿನ ಕಬ್ ದಳಗಳಿಗೆ ಹೆಣ್ಣುಮಕ್ಕಳೂ ಸೇರಿ ಈ ಪಂದ್ಯದಲ್ಲಿ ಭಾಗವಹಿಸುತ್ತಿದ್ದಾರೆ.

ತಂದೆ ಮಕ್ಕಳ ಬಾಂಧವ್ಯ ಗಟ್ಟಿಯಾಗಬೇಕು, ಕೈಕೆಲಸದ ಕೌಶಲ ಬೆಳೆಯಬೇಕು, ಸೋಲು ಗೆಲುವುಗಳನ್ನು ಸಮನಾಗಿ ಕಾಣುವ ಮನೋಭಾವ ಮೂಡಬೇಕು ಎಂಬುದೇ ಮರ್ಫಿಯವರ ಆಶಯವಾಗಿತ್ತು. ವೇಗದ ಮಾತು ಆನಂತರದ್ದು.

ಬಂಡಿ ಕಟ್ಟುವುದು ನಮಗೇನೂ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರಿನಲ್ಲಿ ಅಮೃತಮಹಲ್ ದನಗಳ ಕೇಂದ್ರದ ಜೊತೆಗೆ ಬಂಡಿಗಳನ್ನು ಕಟ್ಟುವ ಮರದ ಕಾರ್ಯಾಗಾರವೂ ಇತ್ತು. ಜೋಳದ ದಂಟಿನಿಂದ ಪುಟ್ಟ ಬಂಡಿ ಮಾಡಿ ಎಳೆದಾಡಿದ ನೆನಪು, ಹಳೆಯ ಬೇರಿಂಗ್‌ಗಳನ್ನು ಹಲಗೆಗೆ ಸಿಕ್ಕಿಸಿ ಇಳಿಜಾರಿನಲ್ಲಿ ಜಾರಿದ ನೆನಪು ನಮ್ಮಲ್ಲಿ ಅನೇಕರಿಗೆ ಉಂಟು. ಆದುದರಿಂದ ಈ ಹವ್ಯಾಸ ಹೊರನಾಡಿನದಾದರೂ ಅದನ್ನು ರೂಢಿಸಿಕೊಳ್ಳುವುದು ನಮಗೆ ಕಷ್ಟವಾಗಲಾರದು.

ಮರ ಯಾವುದು, ಅಳತೆ ಎಷ್ಟು?

ಪಂದ್ಯದ ರೂಢಿಯ ಅಳತೆಯಂತೆ ಮರದ ತುಂಡು 7 ಅಂಗುಲ ಉದ್ದ, 1¾ ಅಂಗುಲ ಅಗಲ, 1¼ ಅಂಗುಲ ದಪ್ಪ ಇರಬೇಕು. ಚಕ್ರಗಳೂ ಸೇರಿ ಬಂಡಿಯ ಅಗಲ 2¾ ಅಂಗುಲ ಮೀರಬಾರದು. ಒಟ್ಟು ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ದಾಟಬಾರದು.

ಪೈನ್ ಮರ ನಮ್ಮ ಕಾಡುಗಳದ್ದಲ್ಲ. ಆದರೆ ಯಂತ್ರಗಳನ್ನು ತುಂಬಿ ತರುವ ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ ಬಹುಮಟ್ಟಿಗೆ ಅದೇ ಜಾತಿಯದು. ಅದು ದೊರೆಯದಿದ್ದರೆ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರ ಬಲು ಸೊಗಸು. ಅದು ಹಗುರ, ಮೃದು, ನಯವಾಗಿ ಬರುವಂಥದು. ಕಾಫಿ ತೋಟಗಳ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೂಡ ಆದೀತು. ತೇಗ, ಬೀಟೆಯಂಥ ಗಡುಸು ಮರಗಳು ಮಕ್ಕಳ ಕೈಗೆ ತಕ್ಕವಲ್ಲ, ಬೆಲೆಯೂ ದುಬಾರಿ. ಊರಿನ ಬಡಗಿಯವರನ್ನು ಕೇಳಿದರೆ ಒಣಗಿದ ಚೂರೊಂದನ್ನು ಸಂತೋಷದಿಂದಲೇ ಕೊಟ್ಟಾರು.

ಚಕ್ರಗಳ ವಿಷಯದಲ್ಲಿ ಎಚ್ಚರ ಅಗತ್ಯ. ನಾಲ್ಕೂ ಒಂದೇ ಗಾತ್ರದ, ಪೂರ್ಣ ದುಂಡಗಿನ ಚಕ್ರಗಳಾಗಿರಬೇಕು. ಅಮೆರಿಕದಲ್ಲಿ ಪ್ಲಾಸ್ಟಿಕ್ ಚಕ್ರಗಳನ್ನು ಮರದ ತುಂಡಿನ ಜೊತೆಯಲ್ಲೇ ಕೊಡುತ್ತಾರೆ. ನಮ್ಮಲ್ಲಿ ಪಂದ್ಯ ನಡೆಸುವವರು ಲೇತ್‌ನಲ್ಲಿ ಕಡೆದ ಒಂದೇ ಅಳತೆಯ ಚಕ್ರಗಳನ್ನು ಎಲ್ಲ ಮಕ್ಕಳಿಗೂ ಒಟ್ಟಿಗೆ ತರಿಸಿ ಹಂಚುವುದು ಉತ್ತಮ. ಆಗ ಉಳ್ಳವರ ಮಗು, ಇಲ್ಲದವರ ಮಗು ಎಂಬ ಭೇದಕ್ಕೆ ಎಡೆಯಿರುವುದಿಲ್ಲ.

ಕಟ್ಟುವ ಕ್ರಮ

ಮೊದಲು ಮಗುವಿನ ಕೈಗೆ ಕಾಗದ, ಪೆನ್ಸಿಲು ಕೊಡಬೇಕು. ಬಂಡಿ ಬಸ್ಸಿನಂತಿರಲಿ, ಮೀನಿನಂತಿರಲಿ, ಕಬಿನಿ ಕಾಡಿನ ಆನೆಯಂತಿರಲಿ. ಆಕಾರ ಮಗುವಿನದೇ ಆಗಬೇಕು. ಆ ಚಿತ್ರವನ್ನು ಮರದ ಮೇಲೆ ಅಂಟಿಸಿ, ಗೆರೆ ಹಿಡಿದು ಗರಗಸದಿಂದ ಕೊಯ್ಯಬೇಕು. ಗರಗಸ, ಉಳಿ, ಬೈರಿಗೆಗಳ ಕೆಲಸ ದೊಡ್ಡವರದು. ಅರದಿಂದ ಉಜ್ಜುವುದು, ಮರಳು ಕಾಗದದಿಂದ ನಯಗೊಳಿಸುವುದು, ಬಣ್ಣ ಹಚ್ಚುವುದು ಮಗುವಿನದು.

ಅನಂತರದ ಕೆಲಸ ಅಚ್ಚಿನದು. ಇಲ್ಲಿ ನಾಲ್ಕು ಮೊಳೆಗಳೇ ಅಚ್ಚು, ಮೊಳೆಯ ತಲೆಯೇ ಕಡೆಗೀಲು. ಹೊಸ ಮೊಳೆಯ ತಲೆಯ ಕೆಳಗೆ ಸಣ್ಣ ಸಣ್ಣ ಗೀರುಗಳು ಇರುತ್ತವೆ. ಅವು ಚಕ್ರವನ್ನು ತಡೆಯುವುದರಿಂದ ಮೊಳೆಯನ್ನು ನುಣ್ಣಗೆ ಉಜ್ಜಿ ಹೊಳೆಯುವಂತೆ ಮಾಡಬೇಕು. ಎತ್ತಿನ ಬಂಡಿಗೆ ಕೀಲೆಣ್ಣೆ ಹೇಗೋ ಹಾಗೆ ಈ ಬಂಡಿಗೆ ಗ್ರಾಫೈಟ್ ಪುಡಿ. ಎಣ್ಣೆ ಹಾಕಿದರೆ ಧೂಳು ಅಂಟಿ ಚಕ್ರ ಬಿಗಿಯುತ್ತದೆ. ಒಣ ಪುಡಿಯಲ್ಲಿ ಆ ತೊಂದರೆಯಿಲ್ಲ. ಪೆನ್ಸಿಲಿನ ಕಡ್ಡಿಯಲ್ಲಿರುವುದೂ ಗ್ರಾಫೈಟೇ, ಆದರೆ ಅದರಲ್ಲಿ ಜೇಡಿಮಣ್ಣು ಬೆರೆತಿರುತ್ತದೆ. ಬೀಗಗಳಿಗೆ ಹಾಕುವ ಪುಡಿ ಮೇಲು.

ನಾಲ್ಕು ಚಕ್ರಗಳನ್ನು ಕೂಡಿಸಿದ ಮೇಲೆ ನಯವಾದ ನೆಲದಲ್ಲಿ ಎಂಟು ಅಡಿ ದೂರ ಮೆಲ್ಲನೆ ಉರುಳಿಸಿ ನೋಡಬೇಕು. ಬಂಡಿ ಎಡಕ್ಕೋ ಬಲಕ್ಕೋ ವಾಲಿದರೆ ಅಚ್ಚು ಓರೆಯಾಗಿದೆ ಎಂದು ಅರ್ಥ. ಹಾಗೆ ವಾಲುವ ಬಂಡಿ ದಾರಿಯ ಪಟ್ಟಿಗೆ ಉಜ್ಜಿ ವೇಗ ಕಳೆದುಕೊಳ್ಳುತ್ತದೆ. ತಾಳ್ಮೆಯಿಂದ ಮೊಳೆಯನ್ನು ತಿರುಗಿಸಿ ತಿರುಗಿಸಿ ಸರಿಪಡಿಸಬೇಕು.

ಕೊನೆಯದಾಗಿ ತೂಕ. ಎತ್ತರದಿಂದ ಬೀಳುವ ವಸ್ತುಗಳ ವೇಗಕ್ಕೂ ತೂಕಕ್ಕೂ ಸಂಬಂಧವಿಲ್ಲವೆಂದು ಶಾಲೆಯಲ್ಲಿ ಓದಿದ್ದೇವೆ. ಆದರೂ ಗಾಳಿಯ ತಡೆ, ಅಚ್ಚಿನ ಘರ್ಷಣೆಗಳನ್ನು ಮೀರಿ ಮುಂದೆ ಸಾಗುವುದರಲ್ಲಿ ಭಾರದ ಬಂಡಿಯೇ ಮೇಲುಗೈ ಪಡೆಯುತ್ತದೆ. ಆದ್ದರಿಂದ ತೂಕವನ್ನು ಮಿತಿಯ ಹತ್ತಿರಕ್ಕೆ ತರಬೇಕು. ಭಾರವನ್ನು ಹಿಂದಿನ ಅಚ್ಚಿಗಿಂತ ಸುಮಾರು ಒಂದು ಅಂಗುಲ ಮುಂದೆ ನೆಲೆಗೊಳಿಸುವುದು ಬಲ್ಲವರ ಕ್ರಮ. ಬಂಡಿ ಇಳಿಜಾರಿನ ತುದಿಯಲ್ಲಿ ನಿಂತಾಗ ಅದರ ಹಿಂಭಾಗವೇ ಹೆಚ್ಚು ಎತ್ತರದಲ್ಲಿರುತ್ತದೆ. ಅಲ್ಲಿರುವ ಭಾರಕ್ಕೆ ಇಳಿಯಲು ಹೆಚ್ಚು ಎತ್ತರ ಸಿಗುತ್ತದೆ. ಮೀನುಬಲೆಗೆ ಕಟ್ಟುವ ಸೀಸದ ಗುಂಡು ಸುಲಭವಾಗಿ ದೊರೆಯುತ್ತದೆಂದು ಅದನ್ನು ಬಳಸಬೇಡಿ. ಸೀಸ ಮಕ್ಕಳಿಗೆ ವಿಷ. ಉಕ್ಕಿನ ನಟ್ಟು ಬೋಲ್ಟುಗಳೇ ಸಾಕು.

ಓಟದ ದಾರಿ ಮತ್ತು ನಿಯಮ

ದಾರಿಯನ್ನು ಪ್ಲೈವುಡ್ ಹಲಗೆಗಳನ್ನು ಜೋಡಿಸಿ ಮಾಡಬಹುದು. ಒಂದು ತುದಿ ಸುಮಾರು 4 ಅಡಿ ಎತ್ತರದಲ್ಲಿದ್ದು, ಇಳಿಜಾರಾಗಿ ಬಂದು, ಮುಂದೆ ಸಮತಟ್ಟಾಗಬೇಕು. ಒಟ್ಟು ಉದ್ದ 30 ಅಡಿಯಿದ್ದರೆ ಚೆನ್ನ. ಪ್ರತಿ ಬಂಡಿಯ ಸಾಲಿನ ನಡುವೆ 1⅝ ಅಂಗುಲ ಅಗಲ, ¼ ಅಂಗುಲ ಎತ್ತರದ ಮರದ ಪಟ್ಟಿಯನ್ನು ಹೊಡೆಯುತ್ತಾರೆ. ಬಂಡಿಯ ಚಕ್ರಗಳು ಆ ಪಟ್ಟಿಯ ಎರಡೂ ಬದಿಯಲ್ಲಿ ಓಡುತ್ತವೆ. ಆದ್ದರಿಂದ ಬಂಡಿಯ ಹೊಟ್ಟೆ ನೆಲದಿಂದ ⅜ ಅಂಗುಲವಾದರೂ ಮೇಲಿರಬೇಕು. ಯಾವ ತಡೆಯೂ ಇಲ್ಲವೆಂದು ಲೆಕ್ಕ ಹಾಕಿದರೆ 4 ಅಡಿ ಎತ್ತರದಿಂದ ಇಳಿದ ಬಂಡಿಗೆ ಗಂಟೆಗೆ ಸುಮಾರು 17.6 ಕಿಲೋಮೀಟರ್ ವೇಗ ಬರುತ್ತದೆ. ನಿಜದ ವೇಗ ಅದಕ್ಕಿಂತ ಕಡಿಮೆ. ಆ ಎರಡರ ನಡುವಿನ ಅಂತರವನ್ನು ತಗ್ಗಿಸುವುದೇ ಕಟ್ಟುವವರ ಜಾಣ್ಮೆ.

ದಾರಿಯ ಸಾಲುಗಳೆಲ್ಲ ಒಂದೇ ಸಮ ಇರುವುದು ಕಷ್ಟ. ಆದಕಾರಣ ಪ್ರತಿಯೊಂದು ಬಂಡಿಯೂ ಪ್ರತಿಯೊಂದು ಸಾಲಿನಲ್ಲಿ ಒಮ್ಮೆ ಓಡಬೇಕೆಂಬ ನಿಯಮವನ್ನು ತಪ್ಪದೆ ಪಾಲಿಸಬೇಕು. ಓಟಕ್ಕೆ ಮುಂಚೆ ಎಲ್ಲರೆದುರಿಗೆ ತೂಕ ನೋಡಬೇಕು. ವೇಗಕ್ಕಲ್ಲದೆ ಅಂದಕ್ಕೂ ಬಹುಮಾನವಿರಲಿ. ಶಾಲೆಯ ಸ್ಕೌಟ್ ದಳ, ಧರ್ಮಕೇಂದ್ರದ ಬೇಸಿಗೆ ಶಿಬಿರ ಇವು ಇಂಥ ಪಂದ್ಯಕ್ಕೆ ತಕ್ಕ ತಾಣಗಳು. ಒಮ್ಮೆ ಮಾಡಿದ ದಾರಿ ಹಲವು ವರ್ಷ ಬಾಳುತ್ತದೆ.

ಯಾರ ಬಂಡಿ?

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯವಾದ ಮಾತೊಂದು ಉಳಿದಿದೆ. ಈ ಪಂದ್ಯದ ದೊಡ್ಡ ಅಪಾಯ ಗರಗಸವಲ್ಲ, ತಂದೆಯ ಉತ್ಸಾಹ. ಮಗ ಉಜ್ಜಿದ್ದು ನಯವಾಗಲಿಲ್ಲವೆಂದು ತಂದೆ ಅರವನ್ನು ಕಿತ್ತುಕೊಳ್ಳುತ್ತಾನೆ. ಮಗಳು ಬಳಿದ ಬಣ್ಣ ಒರಟಾಯಿತೆಂದು ತಾನೇ ಮತ್ತೆ ಬಳಿಯುತ್ತಾನೆ. ಬಂಡಿ ಗೆಲ್ಲುತ್ತದೆ, ಚಪ್ಪಾಳೆ ಬೀಳುತ್ತದೆ. ಆದರೆ ಬಹುಮಾನ ಹಿಡಿದು ನಿಂತ ಮಗುವಿಗೆ ಗೊತ್ತು, ಗೆದ್ದದ್ದು ತಾನಲ್ಲವೆಂದು. ಪಕ್ಕದಲ್ಲೇ ಇನ್ನೊಂದು ಮಗು, ಸೊಟ್ಟ ಕಿವಿಯ ಆನೆಬಂಡಿಯೊಂದಿಗೆ ಕೊನೆಯದಾಗಿ ಗುರಿ ತಲುಪಿ, 'ಇದನ್ನು ನಾನೇ ಮಾಡಿದ್ದು' ಎಂದು ನೆರೆದವರಿಗೆಲ್ಲ ತೋರಿಸುತ್ತದೆ. ಇವರಿಬ್ಬರಲ್ಲಿ ಹೆಚ್ಚು ಪಡೆದವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಭಾಗದ ಎಷ್ಟೋ ಮಂದಿ ತಂದೆಯರು ಕೊಡಗಿನ ತೋಟಗಳಿಗೆ, ಮೈಸೂರಿನ ಕಾರ್ಖಾನೆಗಳಿಗೆ ದುಡಿಯಲು ಹೋಗಿ ವಾರಕ್ಕೊಮ್ಮೆ ಮನೆ ಸೇರುವವರು. ಇನ್ನು ಕೆಲವರು ಮನೆಯಲ್ಲಿದ್ದೂ ಕೈಯಲ್ಲಿನ ಮೊಬೈಲಿನೊಳಗೆ ಇರುವವರು. ಅಂಥವರ ಮಕ್ಕಳಿಗೆ ತಂದೆಯೆಂದರೆ ಶುಲ್ಕ ಕಟ್ಟುವವರು, ಅಂಕ ಕೇಳುವವರು ಎಂದಷ್ಟೇ ಆಗಿಬಿಡುವ ಭಯವಿದೆ. ಭಾನುವಾರದ ಪೂಜೆ, ಊಟ ಮುಗಿದ ಮೇಲೆ ಜಗುಲಿಯಲ್ಲಿ ಎರಡು ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು ಮರದ ತುಂಡೊಂದನ್ನು ಹಿಡಿದುಕೊಡುವುದು ಯಾವ ತಂದೆಗೂ ಅಸಾಧ್ಯವಲ್ಲ. ತಂದೆಯಿಲ್ಲದ ಮನೆಯಲ್ಲಿ ತಾಯಿ, ಅಜ್ಜ, ಸೋದರಮಾವ ಯಾರಾದರೂ ಆ ಸ್ಥಾನ ತುಂಬಬಹುದು. ಉಜ್ಜುವ ಕೈ ಮಗುವಿನದಾಗಿರಲಿ, ಮರ ಅಲುಗದಂತೆ ಹಿಡಿಯುವ ಕೈ ದೊಡ್ಡವರದಾಗಿರಲಿ. ಹಾಗೆ ಉಜ್ಜುತ್ತಿರುವಾಗ, ಮುಖಕ್ಕೆ ಮುಖ ಕೊಟ್ಟು ಕೇಳಿದರೆ ಹೇಳದ ಎಷ್ಟೋ ಮಾತುಗಳನ್ನು ಮಕ್ಕಳು ತಾವಾಗಿಯೇ ಹೇಳುತ್ತಾರೆ.

ಬಂಡಿ ಇಳಿಜಾರಿನಲ್ಲಿ ಓಡುವುದು ಮೂರು ನಾಲ್ಕು ಸೆಕೆಂಡುಗಳ ಕಾಲ ಮಾತ್ರ. ಅದನ್ನು ಕಟ್ಟಲು ನಾಲ್ಕೈದು ಭಾನುವಾರಗಳು ಬೇಕು. ಲಾಭವಿರುವುದು ಆ ಭಾನುವಾರಗಳಲ್ಲಿ. ಬರುವ ರಜೆಗೆ ಕಾಯದೆ, ಈ ವಾರವೇ ಬಡಗಿಯವರ ಅಂಗಳದಿಂದ ಒಂದು ಮರದ ತುಂಡನ್ನು ಮನೆಗೆ ತನ್ನಿ.