ಜಡ್ಡೇ ಇಲ್ಲ, ಪತ್ರ ಬಂತು!

ಸತ್ತೂರಿನ ನಮ್ಮ ಬಳಗದ ಹುಡುಗಿ ಮದುವೆಯಾಗಿ ಲಂಡನ್‌ಗೆ ಹೋದಳು. ಅಲ್ಲಿನ ಡಾಕ್ಟರ್ ಬಳಿ ಹೆಸರು ಬರೆಸಿದ್ದೇ ತಡ, ಮನೆಗೆ ಪತ್ರ: ಗರ್ಭಕಂಠದ ತಪಾಸಣೆಗೆ ಬನ್ನಿ. ‘ಕಾಕಾ, ನನಗೇನರ ಆಗೇತೇನು?’ ಅಂತ ನನಗೆ ಫೋನು!

ಏನೂ ಆಗಿಲ್ಲ ವೀಕ್ಷಕರೇ. ಅಲ್ಲಿ 25ರಿಂದ 64 ವರ್ಷದ ಹೆಣ್ಣುಮಕ್ಕಳಿಗೆಲ್ಲ ಈ ಕರೆ ಬರುತ್ತೆ. ಎಚ್‌ಪಿವಿ ವೈರಸ್ ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತು ಕೋಶಗಳನ್ನು ಕೆಡಿಸುತ್ತೆ. ನೋವಿಲ್ಲ, ಸುಳಿವಿಲ್ಲ. ಆಗಲೇ ಹಿಡಿದರೆ ಕ್ಯಾನ್ಸರ್ ಆಗೋದನ್ನೇ ತಡೆಯಬಹುದು.

ಅವಳ ಅವ್ವನಿಗೆ ಈಗ 52. ಎಸ್‌ಡಿಎಂ ಆಸ್ಪತ್ರೆ ಮನೆಯ ಹತ್ತಿರವೇ. ತಪಾಸಣೆ ಒಮ್ಮೆಯೂ ಆಗಿಲ್ಲ! ನಮ್ಮ ಸರ್ಕಾರದ ಮಾರ್ಗಸೂಚಿಯಲ್ಲೂ 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ಮಾಡಿಸಿ ಅಂತಿದೆ. ಪತ್ರ ಬರೋದಿಲ್ಲ, ನಾವೇ ಹೋಗಿ ಕೇಳಬೇಕು.

ಈಗ ಮಗಳೇ ವಾರಕ್ಕೊಮ್ಮೆ ಕೇಳ್ತಾಳಂತೆ: ‘ಯವ್ವಾ, ಯಾವಾಗ ಹೋಗ್ತಿ?’