ನಾಯಿಯ ವಯಸ್ಸಿಗೆ ಏಳರ ಮಗ್ಗಿ ಸಾಲದು

ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಮನೆಯ ಲ್ಯಾಬ್ರಡಾರ್‌ಗೆ ಮೊನ್ನೆ ಹನ್ನೆರಡು ತುಂಬಿತು. ನಾಯಿಯ ಒಂದು ವರ್ಷ ಅಂದರೆ ನಮ್ಮ ಏಳು ವರ್ಷ ಅಂತಾರಲ್ಲ, ಹಾಗಾದರೆ ಅದಕ್ಕೀಗ ಎಂಬತ್ನಾಲ್ಕೇ? ನಾಯಿಗಳ ಆಯಸ್ಸು ಹೆಚ್ಚಿಸುವ ಮಾತ್ರೆ ಬರುತ್ತಿದೆಯಂತೆ, ಅದನ್ನು ನಂಬಬಹುದೇ?’

ಎಂಬತ್ನಾಲ್ಕಲ್ಲ, ಎಪ್ಪತ್ತೊಂದರ ಆಸುಪಾಸು. ಮಾತ್ರೆಯ ಮಾತು ಆಮೇಲೆ. ಮೊದಲು ಈ ಏಳರ ಲೆಕ್ಕವನ್ನು ವಿಚಾರಿಸಿಕೊಳ್ಳೋಣ.

ಏಳು ಎಂಬ ಸಂಖ್ಯೆ ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. ಮನುಷ್ಯನಿಗೆ ಎಪ್ಪತ್ತು, ನಾಯಿಗೆ ಹತ್ತು, ಭಾಗಿಸಿದರೆ ಏಳು. ಅದರ ಬಂಡವಾಳ ಇಷ್ಟೇ ಇದ್ದೀತು. ಆದರೆ ಇಂಥ ಲೆಕ್ಕ ಹಾಕುವ ಚಟ ಬಹಳ ಹಳೆಯದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ 1268ರಲ್ಲಿ ಹಾಸಿದ ಬಣ್ಣಗಲ್ಲುಗಳ ನೆಲವೊಂದಿದೆ. ಅದರಲ್ಲಿ ಕೂರಿಸಿದ ಲ್ಯಾಟಿನ್ ಬರಹ ಜಗತ್ತು ಎಷ್ಟು ಕಾಲ ಬಾಳೀತೆಂದು ಲೆಕ್ಕ ಹಾಕುವ ಒಂದು ಒಗಟು. ಬೇಲಿಗೆ ಮೂರು ವರ್ಷ; ನಾಯಿಗೆ ಅದರ ಮೂರರಷ್ಟು; ಕುದುರೆಗೆ ನಾಯಿಯ ಮೂರರಷ್ಟು; ಮನುಷ್ಯನಿಗೆ ಕುದುರೆಯ ಮೂರರಷ್ಟು. ಹೀಗೇ ಮೂರರಿಂದ ಗುಣಿಸುತ್ತ ತಿಮಿಂಗಿಲವನ್ನೂ ದಾಟಿ ಜಗತ್ತಿಗೆ ಬರುವಾಗ 19,683 ವರ್ಷ. ನಾಯಿಗೆ 9, ಮನುಷ್ಯನಿಗೆ 81 ಅಂದಮೇಲೆ ಆ ಶಿಲ್ಪಿಗಳ ಮಗ್ಗಿ ಒಂಬತ್ತರದು. ಏಳನೂರೈವತ್ತು ವರ್ಷಗಳಲ್ಲಿ ನಾವು ಒಂಬತ್ತರಿಂದ ಏಳಕ್ಕೆ ಇಳಿದಿದ್ದೇವೆ, ಅಷ್ಟೇ ಪ್ರಗತಿ!

ಮಗ್ಗಿ ಯಾವುದಾದರೂ ತೊಂದರೆ ಒಂದೇ. ಒಂದು ವರ್ಷದ ಹೆಣ್ಣುನಾಯಿ ಮರಿ ಹಾಕಬಲ್ಲದು. ಏಳು ವರ್ಷದ ಮಗು ಇನ್ನೂ ಹಾಲುಹಲ್ಲು ಉದುರಿಸಿಕೊಳ್ಳುತ್ತಿರುತ್ತದೆ. ಇನ್ನೊಂದು ತುದಿಗೆ ಹೋಗಿ ನೋಡಿ: ಇಪ್ಪತ್ತು ವರ್ಷ ಬಾಳಿದ ನಾಯಿಗಳು ಅಪರೂಪ, ಆದರೆ ಇಲ್ಲವೇ ಇಲ್ಲವೆಂದಲ್ಲ. ಏಳರಿಂದ ಗುಣಿಸಿದರೆ 140. ದಾಖಲೆಗೆ ಸಿಕ್ಕಿರುವ ಅತಿ ದೀರ್ಘಾಯುಷಿ ಫ್ರಾನ್ಸಿನ ಜೀನ್ ಕಾಲ್ಮೆಂಟ್ ಬದುಕಿದ್ದು 122 ವರ್ಷ. ಅಂದರೆ ಏಳರ ಮಗ್ಗಿ ಮರಿಯ ವಯಸ್ಸನ್ನು ಇಳಿಸುತ್ತದೆ, ಮುದಿನಾಯಿಯ ವಯಸ್ಸನ್ನು ಏರಿಸುತ್ತದೆ. 1953ರಲ್ಲೇ ಫ್ರೆಂಚ್ ಸಂಶೋಧಕ ಲೆಬೊ ಇದನ್ನು ಗಮನಿಸಿ ಬೇರೆ ಪಟ್ಟಿ ಕೊಟ್ಟಿದ್ದರು: ಮೊದಲ ವರ್ಷಕ್ಕೆ 15, ಎರಡನೆಯದು ಮುಗಿದಾಗ 24, ಆಮೇಲೆ ವರ್ಷಕ್ಕೆ ನಾಲ್ಕು ನಾಲ್ಕು. ಪಶುವೈದ್ಯರ ಕ್ಲಿನಿಕ್ಕುಗಳ ಗೋಡೆಯಲ್ಲಿ ಇಂದಿಗೂ ಕಾಣುವುದು ಹೆಚ್ಚುಕಡಿಮೆ ಇದೇ ಪಟ್ಟಿ. ಅದು ಕಣ್ಣಂದಾಜು, ಆದರೆ ಒಳ್ಳೆಯ ಕಣ್ಣಿನ ಅಂದಾಜು.

ಅಂದಾಜು ಬಿಟ್ಟು ಅಳತೆಗೆ ಇಳಿದದ್ದು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟ್ರೇ ಐಡೆಕರ್ ಮತ್ತು ಟೀನಾ ವಾಂಗ್ ಅವರ ತಂಡ. ಅವರು ನೋಡಿದ್ದು ಡಿಎನ್‌ಎ ಮೇಲೆ ಅಂಟಿಕೊಳ್ಳುವ ಮೀಥೈಲ್ ಗುರುತುಗಳನ್ನು.

ಹಿಂದೆ ನಮ್ಮೂರುಗಳಲ್ಲಿ ಪಠ್ಯಪುಸ್ತಕ ಅಣ್ಣನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಗೆ ಕೈ ಬದಲಾಯಿಸುತ್ತಿತ್ತು. ಅಚ್ಚಾದ ಪಾಠ ಬದಲಾಗುವುದಿಲ್ಲ. ಬದಲಾಗುವುದು ಅದರ ಮೇಲಿನ ಪೆನ್ಸಿಲ್ ಗೆರೆಗಳು. ‘ಇದು ಮುಖ್ಯ’ ಎಂದೊಂದು ಅಡಿಗೆರೆ, ‘ಇದು ಪರೀಕ್ಷೆಗಿಲ್ಲ’ ಎಂದು ಇಡೀ ಪುಟಕ್ಕೊಂದು ಅಡ್ಡಗೆರೆ. ಡಿಎನ್‌ಎ ಕೂಡ ಹಾಗೇ. ಹುಟ್ಟಿದಾಗಿನ ಅಕ್ಷರಗಳು ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ, ಆದರೆ ಯಾವ ಜೀನನ್ನು ಓದಬೇಕು, ಯಾವುದನ್ನು ಬಿಡಬೇಕು ಎಂದು ಸೂಚಿಸುವ ಮೀಥೈಲ್ ಗುರುತುಗಳು ವಯಸ್ಸಿನೊಂದಿಗೆ ಕೆಲವು ಕಡೆ ಹೆಚ್ಚುತ್ತವೆ, ಕೆಲವು ಕಡೆ ಅಳಿಸಿಹೋಗುತ್ತವೆ. ಪುಸ್ತಕ ಎಷ್ಟು ಕೈ ದಾಟಿದೆಯೆಂದು ಗೆರೆ ನೋಡಿಯೇ ಹೇಳಬಲ್ಲ ಮೇಷ್ಟ್ರುಗಳಿದ್ದರಲ್ಲ, ಜೀವಶಾಸ್ತ್ರದಲ್ಲಿ ಆ ಮೇಷ್ಟ್ರು ಸ್ಟೀವ್ ಹೋರ್ವಾಥ್. ಲಾಸ್ ಏಂಜಲೀಸ್‌ನಲ್ಲಿದ್ದ ಅವರು 2013ರಲ್ಲಿ ಡಿಎನ್‌ಎಯ 353 ಜಾಗಗಳ ಗುರುತು ನೋಡಿ ಮನುಷ್ಯನ ವಯಸ್ಸು ಹೇಳುವ ‘ಗಡಿಯಾರ’ ಕಟ್ಟಿದರು. ಇನ್ನೊಂದು ಮಾತು: ಪುಸ್ತಕದ ಮೊದಲ ಪಾಠಗಳಲ್ಲಿ ಗೆರೆಗಳ ಜಾತ್ರೆ, ಮುಂದೆ ಹೋದಂತೆ ವಿರಳ, ಜೂನ್ ತಿಂಗಳ ಉತ್ಸಾಹ ಫೆಬ್ರುವರಿಗೆ ಇರುವುದಿಲ್ಲ. ನಾಯಿಯ ಡಿಎನ್‌ಎಯಲ್ಲಿ ಕಂಡದ್ದೂ ಅದೇ.

ಐಡೆಕರ್ ತಂಡ ನಾಲ್ಕು ವಾರದ ಮರಿಯಿಂದ ಹದಿನಾರು ವರ್ಷದ ಮುದಿಯವರೆಗೆ 104 ಲ್ಯಾಬ್ರಡಾರ್‌ಗಳ ಗುರುತುಗಳನ್ನು 320 ಮನುಷ್ಯರ ಗುರುತುಗಳ ಪಕ್ಕದಲ್ಲಿಟ್ಟು ನೋಡಿತು. ಎರಡೂ ಜೀವಿಗಳಲ್ಲಿ ಬೆಳವಣಿಗೆಗೆ ಸಂಬಂಧಿಸಿದ ಜೀನುಗಳ ಸುತ್ತ ಗುರುತುಗಳು ಒಂದೇ ರೀತಿ ಬದಲಾಗುತ್ತಿದ್ದವು, ವೇಗ ಮಾತ್ರ ಬೇರೆ. ನಾಯಿಯದು ಮೊದಲ ವರ್ಷ ಓಟ, ಆಮೇಲೆ ನಡಿಗೆ. 2020ರಲ್ಲಿ ‘ಸೆಲ್ ಸಿಸ್ಟಮ್ಸ್’ ಪತ್ರಿಕೆಯಲ್ಲಿ ಬಂದ ಸೂತ್ರ ಹೀಗಿದೆ: ನಾಯಿಯ ವಯಸ್ಸಿನ ನ್ಯಾಚುರಲ್ ಲಾಗರಿದಮ್ ತೆಗೆದು 16ರಿಂದ ಗುಣಿಸಿ, 31 ಕೂಡಿಸಿ. ಪಿಯುಸಿಯ ಲಾಗ್ ಟೇಬಲ್ ಮರೆತಿದ್ದರೆ ಫೋನಿನ ಕ್ಯಾಲ್ಕುಲೇಟರ್ ಅಡ್ಡ ಹಿಡಿಯಿರಿ, ಎಲ್‌ಎನ್ ಎಂಬ ಗುಂಡಿ ಕಾಣುತ್ತದೆ. ಒಂದು ವರ್ಷದ ನಾಯಿಗೆ 31, ಎರಡಕ್ಕೆ 42, ನಾಲ್ಕಕ್ಕೆ 53, ಏಳಕ್ಕೆ 62, ಹನ್ನೆರಡಕ್ಕೆ 71. ಎಂಟು ವಾರದ ಮರಿ ಹೆಚ್ಚುಕಡಿಮೆ ಒಂಬತ್ತು ತಿಂಗಳ ಕೂಸು. ಇಬ್ಬರಿಗೂ ಹಲ್ಲು ಮೂಡುವ, ಸಿಕ್ಕಿದ್ದನ್ನೆಲ್ಲ ಕಚ್ಚುವ ಕಾಲ.

ಒಂದು ವರ್ಷದ ತುಂಟ ನಾಯಿಗೆ ಮೂವತ್ತೊಂದೇ ಎಂದು ನಗು ಬಂದರೆ ತಪ್ಪಿಲ್ಲ. ಈ ಸೂತ್ರ ಅಳೆಯುವುದು ಡಿಎನ್‌ಎ ಗುರುತನ್ನು, ಬುದ್ಧಿ ಬಲಿತದ್ದನ್ನಲ್ಲ. ಜೊತೆಗೆ ಅದು ಲ್ಯಾಬ್ರಡಾರ್ ಎಂಬ ಒಂದೇ ತಳಿಯಿಂದ ಹುಟ್ಟಿದ್ದು. ಪತ್ರಿಕೆಗಳು ‘ನಾಯಿಗಳ ನಿಜವಾದ ವಯಸ್ಸು ಪತ್ತೆ’ ಎಂದು ಬರೆದಾಗ ಈ ಷರಾವನ್ನು ಕೈಬಿಟ್ಟವು. ಅದು ಸಣ್ಣ ಷರಾ ಅಲ್ಲ. ನಾಯಿಗಳ ಲೋಕದ ಅತಿ ದೊಡ್ಡ ವಿಚಿತ್ರವೇ ಅಲ್ಲಿ ಅಡಗಿದೆ.

ಪ್ರಾಣಿಗಳಲ್ಲಿ ಸಾಮಾನ್ಯವಾಗಿ ದೊಡ್ಡದಕ್ಕೆ ದೀರ್ಘಾಯುಷ್ಯ. ಇಲಿಗೆ ಎರಡು ಮೂರು ವರ್ಷ, ಆನೆಗೆ ಅರವತ್ತು. ಆದರೆ ನಾಯಿಗಳೊಳಗೇ ಹೋಲಿಸಿದರೆ ನಿಯಮ ತಲೆಕೆಳಗು. ಅಂಗೈ ಮೇಲೆ ಕೂರುವಂಥ ಚಿಹುವಾಹುವಾ ಹದಿನಾಲ್ಕು ಹದಿನೈದು ವರ್ಷ ಬಾಳುತ್ತದೆ. ಕರುವಿನಷ್ಟೆತ್ತರದ ಗ್ರೇಟ್ ಡೇನ್ ಎಂಟು ಹತ್ತಕ್ಕೆ ಮುಗಿಸುತ್ತದೆ. 2013ರಲ್ಲಿ ಕಾರ್ನೆಲಿಯಾ ಕ್ರೌಸ್ ಮತ್ತು ಸಂಗಡಿಗರು 74 ತಳಿಗಳ 56 ಸಾವಿರಕ್ಕೂ ಹೆಚ್ಚು ನಾಯಿಗಳ ಸಾವಿನ ದಾಖಲೆ ಜಾಲಾಡಿದಾಗ, ತಳಿಯ ತೂಕ ಎರಡು ಕಿಲೊ ಏರಿದಂತೆ ಆಯಸ್ಸು ಸುಮಾರು ಒಂದು ತಿಂಗಳು ಇಳಿಯುವುದು ಕಂಡಿತು. ದೊಡ್ಡ ನಾಯಿಗಳಿಗೆ ಮುಪ್ಪು ಬೇಗ ಶುರುವಾಗುತ್ತದೆ ಅನ್ನುವುದಕ್ಕಿಂತ, ಶುರುವಾದ ಮುಪ್ಪು ಬಿರುಸಾಗಿ ಸಾಗುತ್ತದೆ ಎಂದು ಅವರ ತೀರ್ಮಾನ. ಗ್ರೇಟ್ ಡೇನ್ ಮರಿ ಮೊದಲ ವರ್ಷದಲ್ಲಿ ಹುಟ್ಟುತೂಕದ ನೂರರಷ್ಟಾಗುತ್ತದೆ. ನಮ್ಮ ಮಗು ಮೂರರಷ್ಟು. ಇಂಥ ನಾಗಾಲೋಟದ ಬೆಳವಣಿಗೆಗೆ ಎಲ್ಲೋ ಬೆಲೆ ತೆರಲೇಬೇಕು.

ಆ ಬೆಳವಣಿಗೆಯ ಹಿಡಿಕೆಗಳಲ್ಲೊಂದು ಐಜಿಎಫ್-1 ಎಂಬ ಹಾರ್ಮೋನಿನ ಜೀನ್. ಅಮೆರಿಕದ ಎಲೇನ್ ಆಸ್ಟ್ರಾಂಡರ್ ತಂಡ 2007ರಲ್ಲಿ ಸಣ್ಣ ತಳಿಗಳಿಗೆಲ್ಲ ಈ ಜೀನಿನ ಸುತ್ತ ಒಂದೇ ಬಗೆಯ ಡಿಎನ್‌ಎ ತುಣುಕು ಇರುವುದನ್ನು ತೋರಿಸಿತು. ಮನುಷ್ಯರು ಮಡಿಲಲ್ಲಿ ಕೂರಿಸಿಕೊಳ್ಳಲು ಇತ್ತೀಚೆಗೆ ಸೃಷ್ಟಿಸಿದ ಬದಲಾವಣೆ ಇದೆಂದು ಎಲ್ಲರೂ ಅಂದುಕೊಂಡಿದ್ದರು. 2022ರಲ್ಲಿ ಅದೇ ತಂಡಕ್ಕೆ ಕುಳ್ಳತನದ ಮೂಲ ಸೈಬೀರಿಯಾದ 54 ಸಾವಿರ ವರ್ಷ ಹಳೆಯ ತೋಳದಲ್ಲೇ ಸಿಕ್ಕಿತು. ನಾಯಿ ಎಂಬ ಪ್ರಾಣಿ ಹುಟ್ಟುವ ಮೊದಲೇ ಮಡಿಲ ನಾಯಿಯ ಸಾಮಗ್ರಿ ಕಾಡಿನಲ್ಲಿ ಓಡಾಡುತ್ತಿತ್ತು! ಮನುಷ್ಯ ಆರಿಸಿಕೊಂಡ, ಅಷ್ಟೇ.

ಆರಿಸುವಾಗ ಅತಿಮಾಡಿಕೊಂಡದ್ದೂ ಉಂಟು. ಮೂಗು ಚಪ್ಪಟೆ ಮಾಡಿದ ತಳಿಗಳನ್ನೇ ನೋಡಿ. ‘ಹಚ್ ನಾಯಿ’ ಎಂದು ನಮ್ಮಲ್ಲಿ ಪ್ರಸಿದ್ಧವಾದ ಪಗ್ ಇರಲಿ, ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗೊರಕೆ ಹೊಡೆಯುವ ಫ್ರೆಂಚ್ ಬುಲ್‌ಡಾಗ್ ಇರಲಿ, ಉಸಿರಾಟವೇ ಅವಕ್ಕೊಂದು ಕೆಲಸ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಐದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ನಾಯಿಗಳ ಅಧ್ಯಯನದಲ್ಲಿ ಎಲ್ಲ ನಾಯಿಗಳ ಮಧ್ಯಮ ಆಯಸ್ಸು 12.5 ವರ್ಷವಿದ್ದರೆ, ಫ್ರೆಂಚ್ ಬುಲ್‌ಡಾಗ್‌ನದು 9.8.

ಇವೆಲ್ಲ ಮನೆಯೊಳಗಿನ ನಾಯಿಗಳ ಅಂಕಿ. ಬೀದಿಯದು ಬೇರೆ ಲೆಕ್ಕ. ಕೋಲ್ಕತ್ತದ ಐಸರ್‌ನ ಅನಿಂದಿತಾ ಭದ್ರಾ ಅವರ ತಂಡ ಪಶ್ಚಿಮ ಬಂಗಾಳದಲ್ಲಿ 95 ಸೂಲುಗಳ 364 ಬೀದಿಮರಿಗಳನ್ನು ಹಿಂಬಾಲಿಸಿತು. ಏಳು ತಿಂಗಳು ತುಂಬುವಷ್ಟರಲ್ಲಿ ಉಳಿದದ್ದು ಶೇ 19 ಮಾತ್ರ, ಅರ್ಧಕ್ಕಿಂತ ಹೆಚ್ಚು ಸಾವುಗಳ ಹಿಂದೆ ಮನುಷ್ಯರ ಕೈವಾಡವಿತ್ತು. ಲಾಗರಿದಮ್ ಸೂತ್ರ ಹಾಕುವಷ್ಟು ವಯಸ್ಸೇ ಆ ಮರಿಗಳಿಗೆ ಆಗಲಿಲ್ಲ.

ಇನ್ನು ಮಾತ್ರೆ. ಅದರ ಕಥೆ ಶುರುವಾಗುವುದು ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನಿಂದ. 1964ರಲ್ಲಿ ಕೆನಡಾದ ವೈದ್ಯರ ತಂಡವೊಂದು ಹಡಗಿನಲ್ಲಿ ಅಲ್ಲಿಗೆ ಹೋಗಿ, ಮರಳುವಾಗ ಮಣ್ಣಿನ ಮಾದರಿಗಳನ್ನೂ ತಂದಿತು. ಆ ಮಣ್ಣು ಕೊನೆಗೆ ಮಾಂಟ್ರಿಯಲ್‌ನ ಏಯರ್ಸ್ಟ್ ಔಷಧ ಕಂಪನಿಯ ಸುರೇಂದ್ರನಾಥ ಸೆಹಗಲ್ ಅವರ ಕೈಗೆ ಬಂತು. ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಈ ವಿಜ್ಞಾನಿ 1972ರ ಹೊತ್ತಿಗೆ ಅದರಲ್ಲಿದ್ದ ಬ್ಯಾಕ್ಟೀರಿಯಾದಿಂದ ಶಿಲೀಂಧ್ರ ಕೊಲ್ಲುವ ವಸ್ತುವೊಂದನ್ನು ಬೇರ್ಪಡಿಸಿದರು. ದ್ವೀಪದ ಸ್ಥಳೀಯ ಹೆಸರು ರಾಪಾ ನುಯಿ, ಆದ್ದರಿಂದ ವಸ್ತು ರಾಪಾಮೈಸಿನ್ ಆಯಿತು. ಅದು ದೇಹದ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆಂದು ಗೊತ್ತಾದಾಗ ಕಂಪನಿಗೆ ಆಸಕ್ತಿ ಹೋಯಿತು. 1980ರ ದಶಕದ ಆರಂಭದಲ್ಲಿ ಆ ಪ್ರಯೋಗಾಲಯವನ್ನೇ ಮುಚ್ಚಿ ಸೆಹಗಲ್‌ರನ್ನು ಅಮೆರಿಕಕ್ಕೆ ವರ್ಗ ಮಾಡಿದರು. ಅವರು ಮಾಡಿದ್ದೇನು? ಬ್ಯಾಕ್ಟೀರಿಯಾದ ಮಾದರಿಯನ್ನು ಮನೆಯ ಫ್ರೀಜರ್‌ನಲ್ಲಿಟ್ಟು ಕಾಪಾಡಿಕೊಂಡು, ಕಂಪನಿಯ ಯಜಮಾನಿಕೆ ಬದಲಾದಾಗ ಹೊಸಬರನ್ನು ಒಪ್ಪಿಸಿ ಮತ್ತೆ ಕೆಲಸ ಶುರುಮಾಡಿದರು. ಕಂಪನಿ ಬೇಡವೆಂದ ಗುಣವೇ 1999ರಲ್ಲಿ ಕಸಿ ಮಾಡಿದ ಮೂತ್ರಪಿಂಡ ಉಳಿಸುವ ಔಷಧವಾಯಿತು. ಸೆಹಗಲ್ 2003ರಲ್ಲಿ ತೀರಿಕೊಂಡರು. ಆರು ವರ್ಷಗಳ ಬಳಿಕ, 600 ದಿನ ದಾಟಿದ ಮುದಿ ಇಲಿಗಳಿಗೆ ರಾಪಾಮೈಸಿನ್ ತಿನ್ನಿಸಿದಾಗ ಆಯಸ್ಸು ಗಂಡುಗಳಲ್ಲಿ ಶೇ 9, ಹೆಣ್ಣುಗಳಲ್ಲಿ ಶೇ 14 ಹೆಚ್ಚಿತೆಂಬ ವರದಿ ‘ನೇಚರ್’ನಲ್ಲಿ ಬಂತು. ಅದನ್ನು ಓದುವ ಭಾಗ್ಯ ಅವರಿಗಿರಲಿಲ್ಲ.

ಇಲಿಯ ಮುಂದಿನ ಮೆಟ್ಟಿಲು ನಾಯಿ. ಕಾರಣ ಸರಳ: ನಮ್ಮದೇ ಮನೆ, ನಮ್ಮದೇ ಹೊಗೆ, ನಮ್ಮದೇ ಸೋಫಾ, ನಮ್ಮದೇ ಕಾಯಿಲೆಗಳು. ಅಮೆರಿಕದ ‘ಡಾಗ್ ಏಜಿಂಗ್ ಪ್ರಾಜೆಕ್ಟ್’ 50 ಸಾವಿರಕ್ಕೂ ಹೆಚ್ಚು ಸಾಕುನಾಯಿಗಳನ್ನು ಹೆಸರು ನೋಂದಾಯಿಸಿಕೊಂಡಿದೆ. ಅದರ ಭಾಗವಾಗಿ ಸುಮಾರು 580 ನಾಯಿಗಳ ಮೇಲೆ ರಾಪಾಮೈಸಿನ್ ಪರೀಕ್ಷಿಸುವ ಯೋಜನೆ ಹೊರಟಿತು. ಸ್ಯಾನ್ ಫ್ರಾನ್ಸಿಸ್ಕೊದ ಲಾಯಲ್ ಎಂಬ ಕಂಪನಿಯದು ಬೇರೆ ದಾರಿ: ದೊಡ್ಡ ತಳಿಗಳಲ್ಲಿ ಐಜಿಎಫ್-1 ತಗ್ಗಿಸುವ ಚುಚ್ಚುಮದ್ದು, ಮುದಿನಾಯಿಗಳಿಗೆ ದಿನಕ್ಕೊಂದು ಮಾತ್ರೆ. 2023ರಲ್ಲಿ ಚುಚ್ಚುಮದ್ದಿಗೆ, 2025ರಲ್ಲಿ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಕರು ‘ಪರಿಣಾಮ ಬೀರೀತೆಂದು ನಿರೀಕ್ಷಿಸಲು ಸಕಾರಣವಿದೆ’ ಎಂಬರ್ಥದ ಒಪ್ಪಿಗೆ ಕೊಟ್ಟರು. ಈ ವಾಕ್ಯವನ್ನು ನಿಧಾನವಾಗಿ ಓದಿಕೊಳ್ಳಿ. ನಿರೀಕ್ಷೆಗೆ ಕಾರಣವಿದೆ ಎಂದಿದ್ದಾರೆ. ಆಯಸ್ಸು ಹೆಚ್ಚಿತು ಎಂದಿಲ್ಲ. ಅದು ಮಾರಾಟದ ಪರವಾನಗಿಯೂ ಅಲ್ಲ. ವಾಟ್ಸಾಪಿನಲ್ಲಿ ಅದು ‘ಚಿರಂಜೀವಿ ಮಾತ್ರೆ’ ಆಗುವ ಹೊತ್ತಿಗೆ ಈ ವ್ಯತ್ಯಾಸ ಸೋರಿಹೋಗಿರುತ್ತದೆ.

ನಾಯಿಯ ಆಯಸ್ಸಿನ ಸುದ್ದಿಗೆ ನಾವು ಬೇಗ ಮರುಳಾಗುತ್ತೇವೆ. ಪೋರ್ಚುಗಲ್‌ನ ಬಾಬಿ ಎಂಬ ನಾಯಿ 31 ವರ್ಷ ಬದುಕಿತೆಂದು 2023ರಲ್ಲಿ ಜಗತ್ತೇ ಕೊಂಡಾಡಿತು. ಅದು ಸತ್ತ ಮೇಲೆ ಪಶುವೈದ್ಯರು ಅನುಮಾನ ಎತ್ತಿದರು, ವಯಸ್ಸಿಗೆ ಗಟ್ಟಿ ಪುರಾವೆಯಿಲ್ಲವೆಂದು 2024ರ ಫೆಬ್ರುವರಿಯಲ್ಲಿ ಗಿನ್ನೆಸ್ ಸಂಸ್ಥೆ ದಾಖಲೆಯನ್ನು ಹಿಂಪಡೆಯಿತು. ಸಾಕಿದವರ ಪ್ರೀತಿಗೆ ಪುರಾವೆ ಬೇಡ, ವಿಜ್ಞಾನಕ್ಕೆ ಬೇಕು.

ಪುರಾವೆ ಇರುವ ಉಪಾಯವೊಂದಿದೆ. ಅದರಲ್ಲಿ ತಮಾಷೆಯೂ ಇದೆ, ಏಕೆಂದರೆ ಅದನ್ನು ಕಂಡುಹಿಡಿದದ್ದು ನಾಯಿ ಆಹಾರ ಮಾರುವ ಪ್ಯೂರಿನಾ ಕಂಪನಿ. 48 ಲ್ಯಾಬ್ರಡಾರ್ ಮರಿಗಳನ್ನು ಒಂದೇ ಸೂಲಿನ ಜೋಡಿಗಳಾಗಿ ಮಾಡಿ, ಎಂಟು ವಾರದಿಂದ ಸಾಯುವವರೆಗೂ ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟರು. 2002ರಲ್ಲಿ ಬಂದ ಫಲಿತಾಂಶ: ಹೆಚ್ಚು ತಿಂದವುಗಳ ಮಧ್ಯಮ ಆಯಸ್ಸು 11.2 ವರ್ಷ, ಕಡಿಮೆ ತಿಂದವುಗಳದು 13. ಕೀಲುನೋವು ಬಂದದ್ದೂ ತಡವಾಗಿ. ಹೆಚ್ಚು ಕಡಿಮೆ ಎರಡು ವರ್ಷದ ಬದುಕು, ಅದೂ ಖರ್ಚು ಉಳಿಸಿ!

ಆದರೆ ಲ್ಯಾಬ್ರಡಾರ್‌ಗೆ ಕಡಿಮೆ ಹಾಕುವುದು ಸುಲಭವಲ್ಲ, ಬಟ್ಟಲು ಖಾಲಿಯಾದ ಮರುಕ್ಷಣ ಊಟವನ್ನೇ ಕಂಡಿಲ್ಲವೆಂಬಂತೆ ನೋಡುತ್ತದೆ. ಅದು ನಟನೆಯಲ್ಲ. ಕೇಂಬ್ರಿಜ್‌ನ ಎಲೀನರ್ ರಾಫನ್ 2016ರಲ್ಲಿ ತೋರಿಸಿದಂತೆ, ಹೆಚ್ಚುಕಡಿಮೆ ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಂಡೇ ಇಲ್ಲ. ‘ಹೊಟ್ಟೆ ತುಂಬಿತು’ ಎಂಬ ಸಂದೇಶ ಮಿದುಳಿಗೆ ಸರಿಯಾಗಿ ತಲುಪುವುದಿಲ್ಲ. ಅದರ ಹಸಿವು ನಿಜ, ಅವಶ್ಯಕತೆ ಮಾತ್ರ ಸುಳ್ಳು. ಅಜ್ಜಿ ಮೇಜಿನ ಕೆಳಗೆ ಜಾರಿಸುವ ಚಪಾತಿ, ಮಕ್ಕಳ ಗ್ಲೂಕೋಸ್ ಬಿಸ್ಕತ್ತು, ತುಪ್ಪ ಸವರಿದ ದೋಸೆಯ ಅಂಚು ಯಾರ ಲೆಕ್ಕಕ್ಕೂ ಸಿಗುವುದಿಲ್ಲ, ನಾಯಿಯ ಸೊಂಟಕ್ಕೆ ಸಿಗುತ್ತವೆ.

ಆದ್ದರಿಂದ ಓದುಗರೇ, ಗುಣಾಕಾರ ಬಿಡಿ. ನಾಯಿಯ ಎದೆಯ ಪಕ್ಕಕ್ಕೆ ಬೆರಳಿಟ್ಟು ಸವರಿ; ಒತ್ತದೆಯೇ ಪಕ್ಕೆಲುಬು ಕೈಗೆ ತಾಕಬೇಕು, ಮೇಲಿಂದ ನೋಡಿದರೆ ಸೊಂಟ ಒಳಸರಿದಿರಬೇಕು. ಇಲ್ಲವಾದರೆ ಪಶುವೈದ್ಯರನ್ನು ಕೇಳಿ ಊಟ ತಗ್ಗಿಸಿ. ಹನ್ನೆರಡರಲ್ಲಿ ಇದು ತಡವಾಯಿತೇ ಅಂದರೆ, ಆಯಸ್ಸಿನ ಮಟ್ಟಿಗೆ ಸ್ವಲ್ಪ ತಡವೇ. ಕೀಲುಗಳ ಮಟ್ಟಿಗೆ ಅಲ್ಲ, ಹೊರುವ ಭಾರ ಇಳಿದರೆ ಎಪ್ಪತ್ತೊಂದರ ಮಂಡಿಗೂ ಹಿತ.