ಪ್ರಶ್ನೆ ಯಾರದು? ಕೆಜಿಎಫ್ ಮತ್ತು ವಿಶ್ವವಿದ್ಯಾಲಯಗಳು

1965ರಲ್ಲಿ ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಚಿನ್ನದ ಗೊಡವೆಯೇ ಇಲ್ಲದ ಒಂದು ಹುಡುಕಾಟ ನಡೆದಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಲ್ಲಿ ಉಪಕರಣ ಹೂಡಿ ಕಾಯುತ್ತಿದ್ದರು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ವಾಯುಮಂಡಲಕ್ಕೆ ಅಪ್ಪಳಿಸಿದಾಗ ಹಲವು ಬಗೆಯ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ಅಷ್ಟು ದಪ್ಪದ ಬಂಡೆ ತಡೆದುಬಿಡುತ್ತದೆ, ನ್ಯೂಟ್ರಿನೊ ಎಂಬ ಕಣ ಸಲೀಸಾಗಿ ತೂರಿಕೊಂಡು ಹೋಗುತ್ತದೆ. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊದ ಸುಳಿವು ಜಗತ್ತಿನಲ್ಲಿ ಮೊದಲು ಸಿಕ್ಕಿದ್ದು ಎರಡು ಚಿನ್ನದ ಗಣಿಗಳಲ್ಲಿ. ಒಂದು ದಕ್ಷಿಣ ಆಫ್ರಿಕದ್ದು, ಇನ್ನೊಂದು ನಮ್ಮ ಕೆಜಿಎಫ್. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಇದೇ ಗಣಿಗಳಿಗೆ ಇಳಿದು ವಿಶ್ವಕಿರಣಗಳನ್ನು ಅಳೆಯತೊಡಗಿದ್ದರು.

ವಿಜ್ಞಾನದ ಚರಿತ್ರೆಯಲ್ಲಿ ಇದು ದೊಡ್ಡ ಅಧ್ಯಾಯ. ಆದರೆ ಭೌತವಿಜ್ಞಾನಿಗಳಿಗೆ ಬೇಕಾಗಿದ್ದ ಆ ಆಳ ತಾನಾಗಿ ಒದಗಿದ್ದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸಕ್ಕೆ ಕೈಹಾಕಿದಂದಿನಿಂದ ತಲೆಮಾರುಗಳ ಕಾರ್ಮಿಕರು ಬಂಡೆ ಕೊರೆದು ಆ ಆಳ ಮುಟ್ಟಿದ್ದರು. ಅವರಲ್ಲಿ ಬಹುಪಾಲು ಜನ ತಮಿಳು ಸೀಮೆಯಿಂದ ವಲಸೆ ಬಂದ ದಲಿತರು. ಉಪಕರಣ ಇಳಿಸಿದ ಶಾಫ್ಟು, ಗಾಳಿ, ವಿದ್ಯುತ್ತು ಎಲ್ಲವೂ ಗಣಿಯವೇ. ಊರು ಇಷ್ಟೆಲ್ಲ ಒದಗಿಸಿತು. ಪ್ರಶ್ನೆ ಮಾತ್ರ ಊರಿನದಾಗಿರಲಿಲ್ಲ.

ಮೂಲವಿಜ್ಞಾನದಲ್ಲಿ ಇದು ತಪ್ಪೇನಲ್ಲ. ಆದರೆ ವಿಶ್ವವಿದ್ಯಾಲಯವೂ ಜನರೂ ಕೂಡಿ ನಡೆಸುವ ಸಂಶೋಧನೆ ಎಂದರೇನೆಂದು ತಿಳಿಯಲು ಮೂರು ಸಂಗತಿಗಳನ್ನು ನೋಡಬೇಕು. ಪ್ರಶ್ನೆ ಯಾರದು? ಉತ್ತರ ಹುಡುಕುವಾಗ ಯಾರ ತಿಳಿವಳಿಕೆ ಲೆಕ್ಕಕ್ಕೆ ಬಂತು? ಸಿಕ್ಕ ಉತ್ತರ ಎಲ್ಲಿಗೆ ತಲುಪಿತು? ಈ ಮೂರನ್ನೂ ಒರೆಹಚ್ಚಿ ನೋಡಲು ಕೆಜಿಎಫ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಬಂಡೆ ಸಿಡಿದಾಗ

ಆಳದ ಗಣಿಯಲ್ಲಿ ಅದಿರು ತೆಗೆದಷ್ಟೂ ಉಳಿದ ಬಂಡೆಯ ಮೇಲೆ ಒತ್ತಡ ಏರುತ್ತದೆ. ಗಟ್ಟಿ ಶಿಲೆ ಮಣಿಯುವುದಿಲ್ಲ, ಒಮ್ಮೆಲೇ ಸಿಡಿಯುತ್ತದೆ. ಇದೇ ರಾಕ್‌ಬರ್ಸ್ಟ್. ಒಳಗಿದ್ದವರ ಜೀವಕ್ಕೆ ಕುತ್ತು, ಮೇಲಿನ ಮನೆಗಳಿಗೂ ನಡುಕ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1904ರಲ್ಲೇ ಕೋಲಾರ ಗಣಿಗಳ ಇಂಥ ಸಿಡಿತ, ಕಂಪನಗಳನ್ನು ಕುರಿತು ಪುಸ್ತಿಕೆ ಬರೆದಿದ್ದರು. 1978ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ ಇಲ್ಲಿ ಕಂಪನಮಾಪಕಗಳ ಜಾಲ ಬಂತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿತು.

ಇಲ್ಲಿ ವಿಜ್ಞಾನಿಯ ಪ್ರಶ್ನೆ, ಕಾರ್ಮಿಕನ ಪ್ರಶ್ನೆ ಎರಡೂ ಒಂದೇ: ಮುಂದಿನ ಸಿಡಿತ ಎಲ್ಲಿ? ಮಾಪಕ ಹೇಳುವುದು ಕಂಪನದ ಜಾಗ ಮತ್ತು ಬಲ. ಬಂಡೆಯ ಸದ್ದು ಬದಲಾದದ್ದು, ಆಧಾರದ ಕಂಬ ನರಳಿದ್ದು ಮೊದಲು ತಿಳಿಯುವುದು ಪಾಳಿಯಲ್ಲಿ ಕೆಳಗಿರುವವರಿಗೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬುತ್ತ ಬಂತು, ಕಂಪನಗಳು ಮಾತ್ರ ನಿಲ್ಲಲಿಲ್ಲ. ಶಿಲಾ ಯಂತ್ರವಿಜ್ಞಾನ ಸಂಸ್ಥೆ ಅವನ್ನು ದಾಖಲಿಸುತ್ತ ಹೋಯಿತು. ಮುಂದೆ ಅದರ ಮುಖ್ಯ ಕಚೇರಿ ಬೆಂಗಳೂರಿಗೆ ಹೋಯಿತು, ಕಂಪಿಸುವ ನೆಲದ ಮೇಲಿನ ಮನೆಗಳು ಇದ್ದಲ್ಲೇ ಉಳಿದವು.

ಎದೆಯೊಳಗಿನ ದೂಳು

ಶಿಲೆಯ ನುಣ್ಣನೆಯ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತರೆ ಅಲ್ಲಿ ಗಾಯದ ಕಲೆ ಬೆಳೆಯುತ್ತದೆ. ಉಸಿರು ಕಟ್ಟುತ್ತ ಹೋಗುತ್ತದೆ, ವಾಸಿಯಾಗುವುದಿಲ್ಲ. ಅದೇ ಸಿಲಿಕೋಸಿಸ್. 1940ರ ದಶಕದಲ್ಲಿ ಕೋಲಾರ ಗಣಿಗಳ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡಿತು. ಭಾರತದ ಔದ್ಯೋಗಿಕ ಆರೋಗ್ಯದ ಬರಹಗಳಲ್ಲಿ ಇಂದಿಗೂ ಉಲ್ಲೇಖವಾಗುವ ಸಮೀಕ್ಷೆ ಅದು. ರೋಗಿಗೆ ಅಂಥ ಸಮೀಕ್ಷೆಯ ಬೆಲೆ ಗೊತ್ತಾಗುವುದು ಪರಿಹಾರ ಕೇಳುವ ದಿನ. ತನ್ನ ಎಕ್ಸ್‌ರೇ, ತಾನು ಕೆಳಗೆ ದುಡಿದ ವರ್ಷಗಳ ದಾಖಲೆ ಕೈಯಲ್ಲಿದ್ದರೆ ಕೇಳಬಹುದು, ಇಲ್ಲದಿದ್ದರೆ ಇಲ್ಲ.

ಕಾರ್ಮಿಕರು ಬರೀ ಅಂಕಿಯಾಗಿದ್ದವರೂ ಅಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲೇ ಇಲ್ಲಿನ ಮಾರಿಕುಪ್ಪಂನಲ್ಲಿ ತಮಿಳು ದಲಿತ ಚಿಂತಕ ಅಯೋತಿ ದಾಸರ ಚಳವಳಿಯ ಬೌದ್ಧ ಸಂಘ ಕೆಲಸ ಮಾಡುತ್ತಿತ್ತು. 1930ರಲ್ಲಿ ಬೆರಳಚ್ಚು ದಾಖಲಾತಿಯನ್ನು ವಿರೋಧಿಸಿ ಇಡೀ ಗಣಿಪ್ರದೇಶ ಮುಷ್ಕರ ಹೂಡಿತು. ಚರಿತ್ರಕಾರ್ತಿ ಜಾನಕಿ ನಾಯರ್ 1998ರಲ್ಲಿ ಪ್ರಕಟಿಸಿದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಈ ಜನರ ದುಡಿಮೆ, ಸಂಸ್ಕೃತಿ, ರಾಜಕಾರಣವನ್ನು ಕೇಂದ್ರಕ್ಕೆ ತಂದಿತು. ಓದುವ, ಸಂಘ ಕಟ್ಟುವ, ವಾದಿಸುವ ಊರೊಂದು ತನ್ನ ಬಗ್ಗೆ ತಾನೇ ಪ್ರಶ್ನೆ ಹಾಕಿಕೊಳ್ಳಬಲ್ಲದು.

ಪುರದ ಪಾಠ

ಹಾಗೆ ಪ್ರಶ್ನೆಯನ್ನು ಊರೇ ತಿದ್ದಿದ ಉದಾಹರಣೆ ಕರ್ನಾಟಕದಲ್ಲಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರದ ಬಳಿ ಅದರ ಕ್ಷೇತ್ರಕೇಂದ್ರವಿತ್ತು. ಅಲ್ಲೇ ಹತ್ತಿರದ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಸಗಣಿ ಅನಿಲ ಸ್ಥಾವರ ಕಟ್ಟಿ ಅಡುಗೆಗೆ ಅನಿಲ ಕೊಡುವುದು ವಿಜ್ಞಾನಿಗಳ ಯೋಜನೆ. ಮನೆಮನೆಯ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ, ಯೋಜನೆ ನಿಂತಿತು. ಹಳ್ಳಿಯವರಿಗೆ ಮುಖ್ಯವಾಗಿ ಬೇಕಾಗಿದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟಿತು. ಅಲ್ಲಿ ತಂತ್ರಜ್ಞಾನ ಬದಲಾದದ್ದು ಸ್ವಲ್ಪ, ಬದಲಾದದ್ದು ಪ್ರಶ್ನೆ.

ನೆದರ್ಲೆಂಡ್ಸ್‌ನ ವಿಶ್ವವಿದ್ಯಾಲಯಗಳು 1970ರ ದಶಕದಲ್ಲಿ ಇದಕ್ಕೊಂದು ಬಾಗಿಲನ್ನೇ ತೆರೆದವು. ‘ವಿಜ್ಞಾನದ ಅಂಗಡಿ’ಗಳು ಎಂದು ಅವುಗಳ ಹೆಸರು. ಕಾರ್ಮಿಕ ಸಂಘವೋ ಬಡಾವಣೆಯ ಜನರೋ ತಮ್ಮ ಪ್ರಶ್ನೆ ತರುತ್ತಾರೆ, ವಿದ್ಯಾರ್ಥಿಗಳೂ ಅಧ್ಯಾಪಕರೂ ಉತ್ತರ ಹುಡುಕುತ್ತಾರೆ. ನಮ್ಮಲ್ಲಿ 1969ರಿಂದ ರಾಷ್ಟ್ರೀಯ ಸೇವಾ ಯೋಜನೆ ಇದೆ, 2014ರಿಂದ ಉನ್ನತ ಭಾರತ ಅಭಿಯಾನವಿದೆ. ಕಾಲೇಜುಗಳು ಹಳ್ಳಿಗಳನ್ನು ದತ್ತು ಪಡೆಯುತ್ತವೆ. ದತ್ತು ಪಡೆದವರು ಸಾಮಾನ್ಯವಾಗಿ ಕೊಡುವವರ ಜಾಗದಲ್ಲಿ ಕೂರುತ್ತಾರೆ. ಪ್ರಶ್ನೆ ತರುವ ಊರಿಗೆ ಸರಿಸಮನಾದ ಕುರ್ಚಿ ಬೇಕು.

ಈಗಿನ ಪ್ರಶ್ನೆ

ಕೆಜಿಎಫ್ ಇಂದು ಹಾಕಬಹುದಾದ ಪ್ರಶ್ನೆ ಕಣ್ಣೆದುರಿಗೇ ಇದೆ. ಅದಿರು ಅರೆದು ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ 13 ದಿಬ್ಬಗಳಾಗಿ ಸುಮಾರು ಸಾವಿರ ಎಕರೆಯಲ್ಲಿ ಬಿದ್ದಿದೆ. ಜನರ ಬಾಯಲ್ಲಿ ಅವು ಸೈನೈಡ್ ಗುಡ್ಡಗಳು. ಗಾಳಿ ಬೀಸಿದಾಗ ಆ ಬೂದುಬಣ್ಣದ ಪುಡಿ ಕಾಲೊನಿಗಳ ಮೇಲೆ ಹಾರುತ್ತದೆ. ಉಳಿದ ಚಿನ್ನಕ್ಕಾಗಿ ಈ ದಿಬ್ಬಗಳನ್ನು ಮತ್ತೆ ಅಗೆಯುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ನೀಡಿತು.

ಊರ್ಗಾಂನಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ಕೋಲಾರದಲ್ಲಿ ವೈದ್ಯಕೀಯ ಕಾಲೇಜಿದೆ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ. ಗಣಿ ಮುಚ್ಚಿದ ಮೇಲೆ ದುಡಿಮೆಗಾಗಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ರೈಲು ಹತ್ತುವವರ ಮನೆಗಳಲ್ಲಿ ಗಣಿಗೆ ಇಳಿದ ಹಿರಿಯರಿದ್ದಾರೆ. ಗಾಳಿಯಲ್ಲಿನ ಸಿಲಿಕಾ ಅಳೆಯುವುದು ಕಾಲೇಜಿನ ಕೆಲಸವಾದರೆ, ಯಾವ ತಿಂಗಳಲ್ಲಿ ಯಾವ ದಿಕ್ಕಿನಿಂದ ದೂಳು ಬರುತ್ತದೆ, ಯಾವ ಬೀದಿಯಲ್ಲಿ ಹೆಚ್ಚು ಎಂದು ಹೇಳಿ ಮಾಪಕಕ್ಕೆ ಜಾಗ ಗೊತ್ತು ಮಾಡುವುದು ಬೀದಿಯವರ ಕೆಲಸ. ಫಲಿತಾಂಶವನ್ನು ಕನ್ನಡ, ತಮಿಳು, ತೆಲುಗುಗಳಲ್ಲಿ ಬರೆದು ನಗರಸಭೆಯ ಹಲಗೆಯ ಮೇಲೆ ಹಚ್ಚಬಹುದು.

ಈ ಕೆಲಸಕ್ಕೆ ಒಂದು ಗಡುವಿದೆ. ದಿಬ್ಬ ಅಗೆಯುವ ಮುಂಚಿನ ಗಾಳಿ, ನೀರು, ಉಸಿರಾಟದ ಲೆಕ್ಕವನ್ನು ಅಗೆತ ಶುರುವಾದ ಮೇಲೆ ಯಾವ ವಿಶ್ವವಿದ್ಯಾಲಯವೂ ಬರೆಯಲಾರದು. ನಾಳೆ ಹಾನಿಯಾಯಿತೋ ಇಲ್ಲವೋ ಎಂಬ ವಾದ ಎದ್ದಾಗ ಅಗೆಯುವ ಕಂಪನಿಗೂ ಸರಕಾರಕ್ಕೂ ಊರಿಗೂ ಆಧಾರವಾಗುವುದು ಆ ಮೊದಲ ಲೆಕ್ಕ. ಅದು ಯಾರ ಕೈಯಲ್ಲಿರಬೇಕೆಂಬುದನ್ನು ಊರು ಮತ್ತು ಕಾಲೇಜು ಈಗಲೇ ಕೂತು ತೀರ್ಮಾನಿಸಬೇಕು.